ಕಾರೆಪೊದೆಯಲ್ಲಿ ನವಿಲಿನ ಹಬ್ಬ

ಮಕ್ಕಳೇ, ಯೆಹೂದ್ಯರಿಗೂ ಕ್ರೈಸ್ತರಿಗೂ ಮೂಲ ಒಂದೇ ಎಂದು ಪಾಠದಲ್ಲಿ ಓದಿರುತ್ತೀರಿ. ಮೂಲ ಒಂದೇ ಆದಮೇಲೆ ಮನಸ್ತಾಪ ಯಾಕೆ ಎಂದು ಕೇಳುತ್ತೀರಿ. ಅದಕ್ಕೆ ಕೋಳಿ ಮತ್ತು ನವಿಲಿನ ಕತೆ ಸಾಕು.

ಒಂದು ಕುರುಚಲು ಕಾಡು. ನಡುವೆ ಹಳ್ಳ. ಹಳ್ಳದ ಈಚೆ ಒಂದು ಕಾರೆಮುಳ್ಳಿನ ಪೊದೆ. ಪೊದೆಯ ಸುತ್ತ ಕಾಡುಕೋಳಿಗಳು ಇದ್ದವು, ಕೆಲವೇ. ಎದುರಿನ ಮತ್ತಿಮರದ ಮೇಲೆ ನವಿಲುಗಳು ಇದ್ದವು, ಬಹಳ.

ಎರಡು ಕುಲಕ್ಕೂ ಅಜ್ಜಿ ಒಬ್ಬಳೇ. ಅವಳು ಕಾಡುಕೋಳಿ. ಬಹಳ ಹಿಂದೆ ಅವಳು ಇದೇ ಪೊದೆಯಲ್ಲಿ ಕಾವು ಕೂತಿದ್ದಳು. ಕೋಳಿಮರಿಗಳ ಜೊತೆಗೆ ಒಂದು ನವಿಲಿನ ಮರಿಯೂ ಮೊಟ್ಟೆಯೊಡೆದು ಬಂತು. ಆ ಮೊಟ್ಟೆಯ ವಿಷಯದಲ್ಲೇ ಜಗಳ. ಅದು ಎಲ್ಲಿಂದಲೋ ಉರುಳಿಕೊಂಡು ಬಂದದ್ದು ಎನ್ನುತ್ತಿದ್ದವು ಕೋಳಿಗಳು. ಅಜ್ಜಿ ಕಾವು ಕೂತದ್ದೇ ಆ ಮೊಟ್ಟೆಗಾಗಿ, ಉಳಿದವು ಬರೀ ಜೊತೆಗಿದ್ದವು ಎನ್ನುತ್ತಿದ್ದವು ನವಿಲುಗಳು.

"ಗರಿ ಉದ್ದವಾದರೆ ಅಜ್ಜಿ ಹತ್ತಿರವಾಗುತ್ತಾಳೋ?" ಎಂದು ಕೋಳಿಗಳು ಕೆಣಕುತ್ತಿದ್ದವು.

ಈ ಮಾತಿಗೆ ಹಿಂದಿನ ಕಾಲದ ನವಿಲುಗಳು ಕೋಳಿಗಳನ್ನು ಕುಕ್ಕಿ, ನೀರಿನ ಹತ್ತಿರ ಸೇರಿಸದೆ ಓಡಿಸಿದ್ದೂ ಉಂಟು. ನವಿಲುಗಳು ಅದನ್ನು ಮರೆತಿದ್ದವು. ಕೋಳಿಗಳು ಮರೆತಿರಲಿಲ್ಲ.

ಕೋಳಿಗಳಿಗೆ ಒಂದು ಆಚರಣೆ ಇತ್ತು. ಅಜ್ಜಿಯ ಕಾಲದಲ್ಲಿ ಒಂದು ಸಂಜೆ ನರಿಗಳು ಪೊದೆಯನ್ನು ಸುತ್ತುವರಿದಿದ್ದವಂತೆ. ಅಜ್ಜಿ ಮರಿಗಳನ್ನು ರೆಕ್ಕೆಯೊಳಗೆ ಒತ್ತಿಕೊಂಡು ಉಸಿರು ಬಿಗಿಹಿಡಿದು ಕೂತಳು. ನರಿಗಳು ಹುಡುಕಿ ಹುಡುಕಿ ಸಾಕಾಗಿ ಹೋದವು. ಅದರ ನೆನಪಿಗೆ ವರ್ಷಕ್ಕೊಮ್ಮೆ, ಮುತ್ತುಗ ಹೂಬಿಟ್ಟಾಗ, ಕೋಳಿಗಳೆಲ್ಲ ಪೊದೆಯೊಳಗೆ ಸೇರುತ್ತಿದ್ದವು. ಬೇವಿನ ಕಹಿ ಚಿಗುರು ನುಂಗುತ್ತಿದ್ದವು. ಹಿರಿಯಳು ಪಿಸುದನಿಯಲ್ಲಿ ಕತೆ ಹೇಳುತ್ತಿದ್ದಳು. ಆಮೇಲೆ ಕತ್ತಲಾಗುವವರೆಗೆ ಯಾರೂ ಸೊಲ್ಲೆತ್ತುವಂತಿಲ್ಲ.

ಆ ವರ್ಷ ಹಿರಿಯಳಾಗಿದ್ದವಳು ಗರಿಕಮ್ಮ. ಹಿಂದಿನ ವರ್ಷ ಅವಳ ಮರಿಗಳನ್ನೆಲ್ಲ ಮುಂಗುಸಿ ತಿಂದಿತ್ತು. ಈಗ ಮತ್ತೆ ಮರಿಗಳಾಗಿದ್ದವು. ರೆಕ್ಕೆ ಇನ್ನೂ ಬಲಿತಿರಲಿಲ್ಲ. ಇವನ್ನಾದರೂ ಉಳಿಸಿಕೊಳ್ಳಬೇಕು, ಅಷ್ಟೇ ಅವಳ ಯೋಚನೆ.

ನವಿಲುಗಳ ಯಜಮಾನ ನೀಲಪ್ಪ. ಕೆಟ್ಟವನಲ್ಲ. ಹಿರಿಯರ ಹಾಗೆ ಕುಕ್ಕುವವನಲ್ಲ. ಆದರೆ ಇಷ್ಟವಾದದ್ದೆಲ್ಲ ತನ್ನದೇ ಎಂದುಕೊಳ್ಳುವ ಸ್ವಭಾವ. ಕೋಳಿಗಳ ಆಚರಣೆಯ ಸುದ್ದಿ ಅವನ ಕಿವಿಗೆ ಬಿತ್ತು. ಕೇಳಿ ಅವನ ಮನಸ್ಸು ತುಂಬಿ ಬಂತು. ತನ್ನವರನ್ನು ಕರೆದು, ಇದು ನಮ್ಮ ಅಜ್ಜಿಯ ಹಬ್ಬ, ಅದೇ ದಿನ ಅದೇ ಪೊದೆಯ ಹತ್ತಿರ ನಾವೂ ಮಾಡೋಣ ಎಂದ. ಒಬ್ಬ ಮುದಿ ಹೆಣ್ಣುನವಿಲು, ಕೋಳಿಗಳನ್ನು ಒಂದು ಮಾತು ಕೇಳುವುದು ಒಳ್ಳೆಯದಲ್ಲವೇ ಎಂದಳು. ಅಜ್ಜಿಯನ್ನು ನೆನೆಯಲು ಯಾರ ಅಪ್ಪಣೆ ಬೇಕು ಎಂದು ನೀಲಪ್ಪ ನಕ್ಕ.

ಮುತ್ತುಗ ಅರಳಿತು. ಆ ಸಂಜೆ ಗರಿಕಮ್ಮ ಕತೆ ಶುರುಮಾಡಿದ್ದಳು. ಹೊರಗೆ ಸರಸರ ಸದ್ದಾಯಿತು. ನೋಡಿದರೆ ನವಿಲುಗಳ ಹಿಂಡು. ಕೊಕ್ಕಿನಲ್ಲಿ ಬೇವಿನ ಚಿಗುರು. ಬರೀ ಚಿಗುರು ಕಹಿ ಎಂದು ಜೊತೆಗೆ ಅತ್ತಿಹಣ್ಣು ತಂದಿದ್ದವು.

"ಗರಿಕಮ್ಮಾ, ನಾವೂ ಬಂದೆವು," ಎಂದ ನೀಲಪ್ಪ.

"ಯಾರು ಕರೆದರು?"

"ಯಾರು ಕರೆಯಬೇಕು? ಅಜ್ಜಿಯ ಮನೆ."

"ಬಂದದ್ದಾಯಿತು. ಸದ್ದು ಮಾಡಬೇಡ. ಮರಿಗಳಿವೆ."

"ಇಷ್ಟು ಒಳ್ಳೆಯ ವಿಷಯವನ್ನು ಪಿಸುಗುಟ್ಟುವುದೇ? ನಿಮಗೆ ಇದರ ಅರ್ಥವೇ ತಿಳಿದಿಲ್ಲ. ನಾನು ಹೇಳುತ್ತೇನೆ, ಕೇಳಿ."

ಹೇಳಿದ. ಅವನ ಕತೆಯಲ್ಲಿ ಕೋಳಿಮರಿಗಳು ಒಂದು ಸಾಲಿನಲ್ಲಿ ಮುಗಿದುಹೋದವು. ಉಳಿದದ್ದೆಲ್ಲ ನವಿಲುಮರಿಯದು. ಹೇಳುತ್ತ ಹೇಳುತ್ತ ಹುರುಪು ಬಂದು, ಪೊದೆಯ ಬಾಯಿಗೆ ಬೆನ್ನುಮಾಡಿ ಗರಿ ಬಿಚ್ಚಿದ. ಗರಿ ತಾಗಿ ಮುಳ್ಳುಕೊಂಬೆಗಳು ಸರಿದವು. ಪೊದೆಗೆ ದಾರಿಯಾಯಿತು. ಆಮೇಲೆ ಅವನು ಕೂಗಿದ. ಹಿಂಡೆಲ್ಲ ಕೂಗಿತು. ಹಳ್ಳದಾಚೆಯವರೆಗೆ ಕೇಳಿತು.

ನರಿಗೂ ಕೇಳಿತು.

ಅದು ಓಡಿ ಬಂದು ನೀಲಪ್ಪನ ಗರಿಗೆ ಬಾಯಿ ಹಾಕಿತು. ಅರ್ಧ ಗರಿ ನರಿಯ ಬಾಯಲ್ಲೇ ಉಳಿಯಿತು. ನೀಲಪ್ಪ ಹಾರಿದ. ನವಿಲುಗಳೆಲ್ಲ ಹಾರಿ ಮತ್ತಿಮರ ಸೇರಿದವು. ಅವಕ್ಕೆ ರೆಕ್ಕೆ ಇತ್ತು. ಮರಿಗಳ ರೆಕ್ಕೆ ಹಾರುವಂಥದ್ದಲ್ಲ. ನರಿ ಗರಿಯನ್ನು ಉಗುಳಿ, ತೆರೆದ ದಾರಿಯಲ್ಲಿ ತಲೆ ತೂರಿಸಿತು.

ಗರಿಕಮ್ಮ ಅದರ ಮೂಗಿನ ಮುಂದೆಯೇ ಹೊರಬಿದ್ದಳು. ಒಂದು ರೆಕ್ಕೆ ಮುರಿದವಳಂತೆ ಎಳೆಯುತ್ತ ಕುಂಟಿದಳು. ನರಿ ಬೆನ್ನು ಹತ್ತಿತು. ಹಳ್ಳದ ತನಕ ಅದನ್ನು ಕರೆದೊಯ್ದು, ಅಲ್ಲಿ ಹಾರಿಬಿಟ್ಟಳು. ಸುತ್ತಿ ಬಳಸಿ ಪೊದೆಗೆ ಬಂದು ಮರಿಗಳನ್ನು ಎಣಿಸಿದಳು. ಒಂದು ಇರಲಿಲ್ಲ. ಗಲಿಬಿಲಿಯಲ್ಲಿ ಹೊರಗೆ ಓಡಿತ್ತು. ಬೆಳಗಾದ ಮೇಲೂ ಸಿಗಲಿಲ್ಲ.

ನೀಲಪ್ಪ ತಲೆ ತಗ್ಗಿಸಿಕೊಂಡು ಬಂದ. ಪ್ರೀತಿಯಿಂದಲೇ ಬಂದಿದ್ದೆವು ಎಂದ.

"ಇರಬಹುದು," ಎಂದಳು ಗರಿಕಮ್ಮ. "ನಿಮ್ಮ ಹಿರಿಯರು ದ್ವೇಷದಿಂದ ನಮ್ಮನ್ನು ಓಡಿಸಿದರು. ನೀನು ಪ್ರೀತಿಯಿಂದ ಒಳಗೆ ಬಂದು ನಮ್ಮನ್ನು ಮೂಲೆಗೆ ತಳ್ಳಿದೆ. ಹೋದ ಮರಿಗೆ ಎರಡೂ ಒಂದೇ."

ನೀಲಪ್ಪ ಬಂದ ದಾರಿಯಲ್ಲೇ ತಿರುಗಿ ಹೋದ.

ಮರುವರ್ಷ ಮುತ್ತುಗ ಮೊಗ್ಗಾದಾಗ ಅವನು ಒಬ್ಬನೇ ಬಂದ. ದೂರ ನಿಂತು, ನಾವು ಏನು ಮಾಡಬೇಕು ಎಂದು ಕೇಳಿದ. ಅವನು ಕೇಳಿದ್ದು ಅದೇ ಮೊದಲು.

ಗರಿಕಮ್ಮ ನೆಲ ಕೆರೆಯುತ್ತಲೇ ಹೇಳಿದಳು.

"ಪೊದೆಗೆ ಬರಬೇಡಿ. ನಿಮ್ಮ ಮರದಲ್ಲೇ ಇರಿ. ಅಲ್ಲಿಂದ ದೂರ ಕಾಣುತ್ತದೆ. ನರಿ ಬಂದರೆ ಕೂಗಿ."

"ಅಜ್ಜಿಯ ಕತೆ?"

"ನಿಮ್ಮ ಮಕ್ಕಳಿಗೆ ನಿಮಗೆ ತಿಳಿದಂತೆ ಹೇಳಿಕೊಳ್ಳಿ. ನಮ್ಮವರನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ."

"ಆ ಮೊಟ್ಟೆಯ ವಿಷಯ?"

"ಅದು ಈ ವರ್ಷ ಮುಗಿಯುವ ಜಗಳವಲ್ಲ. ಹೋಗು."

ಅವನು ಹೋದ ಮೇಲೆ ಮುದಿ ಹುಂಜವೊಂದು, ಅವರನ್ನು ನಂಬುವುದೇ ಎಂದು ಗೊಣಗಿತು. ನಂಬಬೇಕಾಗಿಲ್ಲ, ಅವರ ಗಂಟಲು ದೊಡ್ಡದು, ಸದ್ಯಕ್ಕೆ ಅಷ್ಟು ಸಾಕು ಎಂದಳು ಗರಿಕಮ್ಮ.

ಮುತ್ತುಗ ಅರಳಿದ ಸಂಜೆ ಕೋಳಿಗಳು ಪೊದೆ ಸೇರಿದವು. ನವಿಲುಗಳು ಮತ್ತಿಮರದ ಮೇಲೆ ಕೂತವು. ಸುಮ್ಮನೆ ಕೂತು ಅವಕ್ಕೆ ಅಭ್ಯಾಸವಿಲ್ಲ. ಆದರೂ ಕೂತವು. ಹೊತ್ತು ಮುಳುಗುವಾಗ ನರಿ ಹಳ್ಳ ದಾಟಿತು. ನೀಲಪ್ಪ ಕೂಗಿದ. ಹಿಂಡೆಲ್ಲ ಕೂಗಿತು. ತನ್ನನ್ನು ಕಂಡುಬಿಟ್ಟರು ಎಂದು ತಿಳಿದ ನರಿ ಅಲ್ಲಿಂದಲೇ ತಿರುಗಿತು.

ಪೊದೆಯೊಳಗೆ ಒಂದು ಮರಿ ಬೆದರಿ ಎದ್ದು ನಿಂತಿತು. ಗರಿಕಮ್ಮ ಅದನ್ನು ರೆಕ್ಕೆಯೊಳಗೆ ಎಳೆದುಕೊಂಡು ಪಿಸುಗುಟ್ಟಿದಳು.

"ಹೆದರಬೇಡ. ನಮ್ಮ ನೆಂಟರು."

ನೀತಿ: ಮೂಲ ಒಂದೇ ಎಂದ ಮಾತ್ರಕ್ಕೆ ಇನ್ನೊಬ್ಬರ ಆಚರಣೆ ನಮ್ಮದಾಗುವುದಿಲ್ಲ, ಕೇಳಿ ನಡೆದುಕೊಂಡರೆ ನೆಂಟಸ್ತಿಕೆ ಉಳಿಯುತ್ತದೆ.