ನೀಲಿ ಕಲೆ ಒರೆಸಿದ ಮೆಕ್ಯಾನಿಕ್

ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಯೊಂದರಲ್ಲಿ ಮರಿಸ್ವಾಮಿ ಎಂಬ ಮೆಕ್ಯಾನಿಕ್ ಇದ್ದ. ಆ ಶಾಲೆಗೆ ಇದ್ದದ್ದು ಇಬ್ಬರೇ ಕೂರಬಹುದಾದ ಒಂದೇ ಒಂದು ಪುಟ್ಟ ವಿಮಾನ. ಮರಿಸ್ವಾಮಿಗೆ ಅದು ದೇವರ ಸಮಾನ. ಬೆಳಿಗ್ಗೆ ಬಂದವನೇ ಎಂಜಿನ್ನಿನ ಮುಚ್ಚಳ ತೆಗೆದು, ಮೂಲೆ ಮೂಲೆಯನ್ನೂ ಬಟ್ಟೆಯಿಂದ ಒರೆಸಿ, ಕುಂಕುಮವಿಟ್ಟು ಕೈಮುಗಿಯುತ್ತಿದ್ದ. ತಪಾಸಣೆ ಏನಿದ್ದರೂ ಆಮೇಲೆ. ಕೊಳಕು ಎಂಜಿನ್ನನ್ನು ಮುಟ್ಟಿ ನೋಡುವುದೆಂದರೆ ಅವನಿಗೆ ಸ್ನಾನ ಮಾಡದೆ ಪೂಜೆಗೆ ಕೂತಂತೆ.

ಒಂದು ದಿನ ಅಲ್ಲಿ ಪಾಠ ಹೇಳುವ ಪೈಲಟ್ ಇಂದುಮತಿ ವಿಮಾನದಿಂದ ಇಳಿದು ಬಂದಳು. "ಮರಿಸ್ವಾಮಿಯವ್ರೇ, ಒಳಗೆ ಪೆಟ್ರೋಲ್ ವಾಸನೆ ಬರ್ತಿದೆ. ಎಲ್ಲೋ ಸೋರ್ತಿರಬೇಕು, ಸ್ವಲ್ಪ ನೋಡಿ" ಎಂದಳು.

ಮರುದಿನ ಅವನು ಎಂದಿನಂತೆ ಮೊದಲು ಒರೆಸಿದ, ಆಮೇಲೆ ನೋಡಿದ. ಒಂದು ಹನಿಯೂ ಕಾಣಲಿಲ್ಲ. ಆದರೂ ಪೈಪು ಬದಲಿಸಿದ. ವಾಸನೆ ಹೋಗಲಿಲ್ಲ. ಕ್ಲಿಪ್ಪುಗಳನ್ನು ಬಿಗಿ ಮಾಡಿದ. ಆಗಲೂ ಹೋಗಲಿಲ್ಲ.

ಅಲ್ಲ ಮಕ್ಕಳೇ, ಒರೆಸಿದ ಮೇಲೆ ಏನು ತಾನೇ ಕಂಡೀತು? ಆ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಅದು ಸೋರಿ ಆರಿದ ಕಡೆ ನೀಲಿ ಕಲೆ ಉಳಿಯುತ್ತದೆ. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ಅಡಿಯಲ್ಲಿ ದಿನಾ ಅಂಥ ಕಲೆ ಕೂರುತ್ತಿತ್ತು. ಪುಣ್ಯಾತ್ಮ ಮರಿಸ್ವಾಮಿ ದಿನಾ ಅದನ್ನು ಕೊಳೆಯೆಂದೇ ಒರೆಸಿ ಹಾಕುತ್ತಿದ್ದ.

"ನೀವೇ ನೋಡಿ ಮೇಡಮ್ಮೋರೇ, ಎಂಜಿನ್ನು ಕನ್ನಡಿ ಇದ್ದಂಗದೆ" ಎಂದ.

"ನೀವು ಹೇಳಿದ ಮೇಲೆ ಮುಗೀತು ಬಿಡಿ" ಎಂದ ಇಂದುಮತಿ, ಶಿಷ್ಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂಜಿನ್ ಚಾಲೂ ಮಾಡಿದಳು.

ವಿಮಾನದ ಮೂತಿಯ ಕೆಳಗೆ ಭಗ್ಗನೆ ಬೆಂಕಿ ಎದ್ದಿತು. ಗಾಬರಿಯಾದ ಶಿಷ್ಯನಿಗೆ ಸೀಟಿನ ಬೆಲ್ಟು ಬಿಚ್ಚಲಾಗಲಿಲ್ಲ. ಉರಿಯ ನಡುವೆಯೇ ಇಂದುಮತಿ ಅದನ್ನು ಬಿಚ್ಚಿ ಅವನನ್ನು ಹೊರಗೆ ನೂಕಿ ತಾನೂ ಇಳಿದಳು. ಮರಿಸ್ವಾಮಿ ಓಡಿ ಬಂದು ಬೆಂಕಿ ಆರಿಸಿದ. ವಿಮಾನ ಉಳಿಯಿತು, ಶಿಷ್ಯನೂ ಉಳಿದ. ಅವಳ ಎರಡೂ ಕೈ ಬೆಂದುಹೋಗಿದ್ದವು.

ಆ ಸಂಜೆ ಒರೆಸುವ ಬಟ್ಟೆಗಳ ಡಬ್ಬ ಮರಿಸ್ವಾಮಿಯ ಕಣ್ಣಿಗೆ ಬಿತ್ತು. ಯಾವ ಬಟ್ಟೆ ಎತ್ತಿ ನೋಡಿದರೂ ನೀಲಿ. ಆ ನೀಲಿ ಎಲ್ಲಿಂದ ಬಂತೆಂದು ಈಗ ಯಾರೂ ಹೇಳಿಕೊಡಬೇಕಿರಲಿಲ್ಲ. ಪಂಪು ಬಿಚ್ಚಿದ. ಒಳಗಿನ ರಬ್ಬರ್ ಪೊರೆ ಹರಿದಿತ್ತು. ಸುಟ್ಟ ಭಾಗಗಳೆಲ್ಲ ರಿಪೇರಿಯಾದ ಮೇಲೆ ಹೊಸ ಪಂಪು ಕೂರಿಸಿದ. ಎಂಜಿನ್ ಓಡಿಸಿ, ನಿಲ್ಲಿಸಿ, ಒರೆಸದೆ ಕಾದು ನೋಡಿದ. ಒಂದು ಕಲೆಯೂ ಮೂಡಲಿಲ್ಲ. ಪಂಪು ಬದಲಿಸುವುದು ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸವಾಗಿತ್ತು.

ಎಷ್ಟೋ ತಿಂಗಳ ಮೇಲೆ ಇಂದುಮತಿ ಬಂದು ತನ್ನ ಸೀಟಿನಲ್ಲಿ ಕೂತಳು. ವಿಮಾನ ನಡೆಸುವ ಹಿಡಿಕೆ ಹಿಡಿಯಲು ನೋಡಿದಳು. ಬೆರಳುಗಳು ಮಡಚಲಿಲ್ಲ. ಇನ್ನು ಮಡಚುವುದೂ ಇಲ್ಲವೆಂದು ಡಾಕ್ಟರು ಹೇಳಿದ್ದರು.

"ಸೋರೋದು ನಿಂತಿತಾ?" ಎಂದು ಕೇಳಿದಳು.

"ನಿಂತೋಯ್ತು ತಾಯಿ. ಆ ಬೆಂಕಿ ನನ್ನ ಕೈಗೆ ಬೀಳಬಾರದಿತ್ತಾ?" ಎಂದು ಮರಿಸ್ವಾಮಿ ಅತ್ತುಬಿಟ್ಟ.

ಅವಳು ಇಳಿಯಲು ಬಾಗಿಲ ಚಿಲಕ ತೆಗೆಯಲು ಎರಡು ಸಲ ನೋಡಿದಳು. ಆಗದೆ, ಅವನೇ ಬಂದು ತೆಗೆಯಲೆಂದು ಕಾದು ಕೂತಳು.

ನೀತಿ: ಕಲೆ ಒರೆಸುವ ಮೊದಲು ಅದು ಎಲ್ಲಿಂದ ಬಂತೆಂದು ನೋಡಬೇಕು. ಒರೆಸಿದರೆ ಕಲೆ ಹೋಗುತ್ತದೆ, ದೋಷ ಹೋಗುವುದಿಲ್ಲ. ತಡವಾಗಿ ತಿದ್ದಿಕೊಂಡರೆ ಯಂತ್ರ ಸರಿಹೋದೀತು, ಮನುಷ್ಯರು ಸರಿಹೋಗುವುದಿಲ್ಲ.