ಮೂರು ಬುಟ್ಟಿ ಗೆಡ್ಡೆ, ಒಂದು ಮೇಕೆ

ಮೂರು ಬುಟ್ಟಿ ಆಲೂಗೆಡ್ಡೆ ಕೊಟ್ಟರೆ ಒಂದು ಹಾಲು ಕರೆಯೋ ಮೇಕೆ, ಇದು ಮಾತು. ನೆನಪಿಟ್ಟುಕೊ ಪುಟ್ಟಿ, ಹ್ಞೂಂಗುಟ್ಟುತಾ ಇರು.

ಒಂದಾನೊಂದು ಕಾಲದಲ್ಲಿ ಕೆಂಚಿ, ಹೊನ್ನಿ, ಸಣ್ಣಿ ಅಂತ ಮೂವರು ಅಕ್ಕತಂಗಿಯರಿದ್ದರಂತೆ, ಅವರಿಗೊಬ್ಬ ಕೂಸು ತಮ್ಮ. ಅಮ್ಮನಿಗೆ ಎದೆಹಾಲು ಬತ್ತಿ ಕೂಸು ಸದಾ ಕುಂಯ್ ಅನ್ನೋದಂತೆ. ಪಕ್ಕದ ಮನೆ ದ್ಯಾವಮ್ಮ, ಹಿತ್ತಲಲ್ಲಿ ಗೆಡ್ಡೆ ಹಾಕಿದೀರಲ್ಲ, ಕಿತ್ತ ದಿನ ಮೂರು ಬುಟ್ಟಿ ತಂದುಹಾಕಿ ಮೇಕೆ ಹೊಡಕೊಂಡು ಹೋಗಿ, ಅಲ್ಲೀವರೆಗೆ ಕೂಸಿಗೆ ಕುಡಿಸೋ ಒಳಲೆಯಲ್ಲಿ ದಿನಕ್ಕೊಂದೇ ಒಳಲೆ ಹಾಲು, ಹೆಚ್ಚಿಗೆ ಕೇಳಬೇಡಿ ಅಂದಳಂತೆ.

ಗಿಡ ಮೊಣಕಾಲುದ್ದ ಬಂತು, ಹೂ ಬಿಡ್ತು, ಆಮೇಲೆ ವಾರವೆಲ್ಲ ಜಿಟಿಜಿಟಿ ಮಳೆ, ಮಂಜು. ಒಂದು ಬೆಳಿಗ್ಗೆ ನೋಡಿದರೆ ಎಲೆ ಮೇಲೆ ಸುಟ್ಟ ಹಾಗೆ ಕಪ್ಪು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು. ಅಂಗಮಾರಿ ರೋಗ.

ಊರಿಗೆ ಬೇನೆ ಬಂದರೆ ಮಾರಿಯನ್ನ ಮೊರದಲ್ಲಿಟ್ಟು ಗಡಿ ದಾಟಿಸ್ತಾರಲ್ಲ, ಹಾಗೇ ಮಾಡಿದಳಂತೆ ಕೆಂಚಿ. ಮಚ್ಚೆ ಎಲೆ ಹಳೇ ಮೊರಕ್ಕೆ ತುಂಬಿ, ಅರಿಶಿನ ಕುಂಕುಮ ಹಾಕಿ, ಬೇಲಿ ಆಚೆ ಇಟ್ಟು ಬಂದಳು. ಬೇಲಿ ಆಚೆ ಯಾರ ಹಿತ್ತಲು? ದ್ಯಾವಮ್ಮಂದು, ಅವಳೂ ಗೆಡ್ಡೆ ಹಾಕಿದ್ದಳು. ನಾಲ್ಕು ದಿನಕ್ಕೆ ಅವಳ ಮಡಿಗಳೂ ಕಪ್ಪಾದವು, ಗಾಳಿ ಬೀಸಿ ಇವರ ಮಿಕ್ಕ ಗಿಡಕ್ಕೂ ಬಂತು.

ಕೆಂಚಿಗೆ ಬೈದರಾ, ಅಜ್ಜಿ?

ಬೈದರು, ನೀನು ಕಣ್ಣು ಮುಚ್ಚು. ಆಮೇಲೆ ಹೊನ್ನಿ ಒಲೆ ಬೂದಿ ಎರಚಿದಳಂತೆ, ಮೂರು ಸಲ ಎರಚಿದಳು, ಮೂರು ಸಲಾನೂ ಮಳೆ ತೊಳೆದುಕೊಂಡು ಹೋಯ್ತು.

ಆಮೇಲೆ ಸಣ್ಣಿ ಬುಡ ಕೆದಕಿ ನೋಡಿದಳು, ಗೆಡ್ಡೆ ಕೋಳಿಮೊಟ್ಟೆ ಗಾತ್ರ ಆಗಿತ್ತಂತೆ. ಕುಡುಗೋಲು ತಂದು ಕಪ್ಪು ಗಿಡ, ಹಸಿರು ಗಿಡ ಎಲ್ಲ ಬುಡಕ್ಕೇ ಕೊಯ್ದಳು. ಹಸಿರಾಗಿರೋದನ್ನೂ ಕೊಯ್ದೆಯಲ್ಲೇ, ನಿನಗೆ ಕುಡುಗೋಲು ಕೊಟ್ಟೋರು ಯಾರೇ ಅಂದರು ಅಕ್ಕಂದಿರು. ಗೆಡ್ಡೆ ಇಷ್ಟಕ್ಕೇ ನಿಲ್ಲುತ್ತೆ ಅಕ್ಕ, ಗೊತ್ತು, ಎಲೆ ಉಳಿಸೋಕೆ ಕೂತರೆ ರೋಗ ಮಳೆನೀರಲ್ಲಿ ಗೆಡ್ಡೆಗೆ ಇಳಿಯುತ್ತೆ, ಹೋಗೋದು ಇವತ್ತೇ ಹೋಗಲಿ ಅಂದು, ಕೊಯ್ದಿದ್ದನ್ನ ಆಳವಾಗಿ ಹೂತು, ಬುಡಕ್ಕೆ ಮಣ್ಣು ಏರಿಸಿದಳಂತೆ.

ಆಮೇಲೆ ಬೇಲಿ ದಾಟಿ, ದ್ಯಾವತ್ತೆ, ಆ ಮೊರ ಇಟ್ಟಿದ್ದು ನಾವೇ, ನಿಮ್ಮ ಮಡೀನೂ ಕೊಯ್ದುಕೊಡ್ತೀನಿ ಅಂದಳು. ದ್ಯಾವಮ್ಮ ಬೈದಳಂತೆ, ಇವತ್ತಿಂದ ಹಾಲೂ ಇಲ್ಲ ಏನೂ ಇಲ್ಲ ಅಂದಳಂತೆ, ಬೈತಾ ಬೈತಾನೇ ತಾನೂ ಕುಡುಗೋಲು ಹಿಡಿದಳು. ಸಂಜೆ ಕೂಸು ಅತ್ತಿದ್ದು ಬೇಲಿ ಆಚೆಗೆ ಕೇಳಿಸ್ತು. ಸ್ವಲ್ಪ ಹೊತ್ತಿಗೆ ಒಳಲೆ ಹಿಡಕೊಂಡು ತಾನೇ ಬಂದಳಂತೆ.

ಸಿಪ್ಪೆ ಬಲಿಯಲಿ ಅಂತ ಮೂರು ವಾರ ಕಾದು, ಬಿಸಿಲು ಬಿದ್ದ ದಿನ ಅಗೆದರು. ಎರಡೇ ಬುಟ್ಟಿ. ಸಣ್ಣ ಗೆಡ್ಡೆ, ಆದರೆ ಕೊಳೆತಿದ್ದು ಒಂದಿಲ್ಲ. ಸಣ್ಣಿ ತಲೆ ತಗ್ಗಿಸಿ, ಇನ್ನೊಂದು ಬುಟ್ಟಿ ಮುಂದಿನ ಬೆಳೆಗೆ ಕೊಡ್ತೀವಿ ಅತ್ತೆ ಅಂದಳು.

ನನ್ನ ಹಿತ್ತಲಲ್ಲಿ ನಾಲ್ಕು ಬುಟ್ಟಿ ಉಳೀತಲ್ಲೇ, ನೀನು ಬಂದು ಹೇಳದೆ ಇದ್ದಿದ್ದರೆ ಅದೂ ಮಣ್ಣಲ್ಲೇ ಕೊಳೀತಿತ್ತು, ನಿನ್ನ ಮೂರನೇ ಬುಟ್ಟಿ ಅದರಲ್ಲೇ ಬಂತು ಅಂತ, ದ್ಯಾವಮ್ಮ ಮೇಕೆ ಹಗ್ಗ ಕೈಗಿಟ್ಟಳಂತೆ.

ಅಲ್ಲಿಗೆ ಕತೆ ಮುಗೀತು. ಲೆಕ್ಕ ಕೇಳು ಪುಟ್ಟಿ. ಕೊಟ್ಟಿದ್ದು ಎರಡು ಬುಟ್ಟಿ. ಬಂದಿದ್ದು ಒಂದು ಮೇಕೆ, ಬೆಳಿಗ್ಗೆ ಒಂದು ಒಳಲೆ, ಸಂಜೆ ಒಂದು ಒಳಲೆ, ಹೊಟ್ಟೆ ತುಂಬಿ ಮಲಗಿದ ಕೂಸು ಒಂದು.