ಸಿದ್ಧರಸನು ಕುದುರೆಯ ಅಂಗಳದಲ್ಲಿ ಉಂಡದ್ದು

ಇದು ನಡೆದದ್ದು ನವರಾತ್ರಿಗೆ ಹಿಂದಿನ ಭಾದ್ರಪದದಲ್ಲಿ.

ಹೆಗ್ಗಲ್ಲು ಕೋಟೆಯ ದೊರೆ ಬೊಮ್ಮಣ್ಣನಾಯಕನು ಹೊಸದಾಗಿ ಒಂದು ಅರಬ್ಬಿ ಕುದುರೆಯನ್ನು ತರಿಸಿದ್ದನು. ಅದನ್ನು ಉಳಿದ ಕುದುರೆಗಳೊಡನೆ ಬಯಲಿಗೆ ಬಿಟ್ಟ ಮೊದಲ ದಿನವೇ ಲಾಯದ ಮುದಿ ಕುದುರೆಯೊಂದು ಅದರ ಕುತ್ತಿಗೆಯನ್ನು ಕಚ್ಚಿತು.

"ನಮ್ಮ ಕುದುರೆಯ ಮೈಮೇಲೆ ಹಲ್ಲಿನ ಗುರುತೇ!" ಎಂದು ದೊರೆ ಗುಡುಗಿದನು. "ಬಯಲಿಗೆ ಅಡ್ಡಗೋಡೆಗಳನ್ನು ಹಾಕಿರಿ. ಇನ್ನು ಒಂದೊಂದು ಕುದುರೆಯೂ ತನ್ನ ಅಂಗಳದಲ್ಲಿ ಒಂಟಿಯಾಗಿಯೇ ಮೇಯಲಿ. ಇಂಥ ವ್ಯವಸ್ಥೆ ದೇವೇಂದ್ರನ ಲಾಯದಲ್ಲಿಯೂ ಇರಲಾರದು!"

ಗೋಡೆಗಳೆದ್ದವು. ಕುದುರೆಗಳು ಹುಲ್ಲಿಗೆ ಸರಿಯಾಗಿ ಬಾಯಿ ಹಾಕಲಿಲ್ಲ. ಗೋಡೆಯ ಉದ್ದಕ್ಕೂ ಹಿಂದೆ ಮುಂದೆ ನಡೆದವು, ಆಚೆಯವಕ್ಕೆ ಕೇಳುವಂತೆ ಕೆನೆದವು, ದಿನದಿನಕ್ಕೆ ಬಡವಾದವು. ಅರಬ್ಬಿಯ ಪಕ್ಕೆಲುಬು ಕಾಣತೊಡಗಿದಾಗ ದೊರೆಯ ಸಿಟ್ಟು ಲಾಯ ನೋಡಿಕೊಳ್ಳುವ ಮಲ್ಲೋಜಿಯ ಮೇಲೆ ತಿರುಗಿತು.

"ಕುದುರೆಯ ಹುರುಳಿ ನಿನ್ನ ಮನೆಯ ಸಾರಿಗೆ ಹೋಗುತ್ತಿದೆ. ವಿಜಯದಶಮಿಯ ಮೆರವಣಿಗೆಯ ಹೊತ್ತಿಗೆ ಇದು ಮೈದುಂಬಿಕೊಳ್ಳದಿದ್ದರೆ, ಹೆಂಡತಿ ಮಕ್ಕಳೊಡನೆ ಕೋಟೆ ಬಿಟ್ಟು ನಡೆ!"

ಮಲ್ಲೋಜಿ ಓಡಿದ್ದು ಆಸ್ಥಾನದ ಜಾಣನೆನಿಸಿದ ಸಿದ್ಧರಸನ ಮನೆಗೆ.

"ಈ ಕೋಟೆಯಲ್ಲೇ ಹುಟ್ಟಿದವನು, ಸ್ವಾಮಿ. ಎಲ್ಲಿಗೆ ಹೋಗಲಿ? ಜೊತೆಯಿಲ್ಲದೆ ಕುದುರೆ ಮೇಯುವುದಿಲ್ಲ ಎಂದರೆ ದೊರೆಗಳು ಕಿವಿಗೇ ಹಾಕಿಕೊಳ್ಳುತ್ತಿಲ್ಲ. ನೀವು ಜಾಣರು, ನೀವಾದರೂ ಹೇಳಿ."

"ಜಾಣನೆಂದು ಊರು ಹೇಳುತ್ತದೆ, ನನ್ನ ಹೆಂಡತಿ ಇನ್ನೂ ಒಪ್ಪಿಲ್ಲ," ಎಂದನು ಸಿದ್ಧರಸ. "ಕುದುರೆಯ ವಿಷಯದಲ್ಲಿ ನಾನು ಬಲ್ಲದ್ದು ಅದರ ಕೆಳಗಿನ ನೆಲವನ್ನು ಮಾತ್ರ. ನಿಂತ ಕುದುರೆಯಿಂದ ಬಿದ್ದು ಪರೀಕ್ಷಿಸಿದ್ದೇನೆ. ನನಗೆ ನಿಜವಾಗಿ ಒಲಿದ ವಿದ್ಯೆ ಊಟವೊಂದೇ. ಅದನ್ನೇ ಹೂಡೋಣ."

ಮರುದಿನ ಅವನು ಆಸ್ಥಾನದಲ್ಲಿ ಕೈಮುಗಿದನು.

"ಮಹಾಪ್ರಭು, ನನ್ನನ್ನೂ ಒಂದು ಅಂಗಳದಲ್ಲಿ ಬಿಡಿರಿ. ಅರಮನೆಯ ಊಟ ಅಲ್ಲಿಗೇ ಬರಲಿ. ಬಡಿಸಿದವನು ಮಾತಾಡದೆ ಹೊರಟುಹೋಗಲಿ. ಒಂಟಿಯಾಗಿ ನಾನು ಚೆನ್ನಾಗಿ ಉಂಡರೆ ಮಲ್ಲೋಜಿ ಕಳ್ಳ. ನನ್ನಂಥ ಹೊಟ್ಟೆಬಾಕನಿಗೂ ಊಟ ಸೇರದಿದ್ದರೆ ಗೋಡೆಯೇ ಕಳ್ಳ."

"ನೀನು ಬೇಕೆಂದೇ ಉಪವಾಸ ಮಾಡಿದರೆ?"

"ಏಕಾದಶಿಯ ದಿನ ನಾನು ಎಷ್ಟು ಹೊತ್ತು ಉಪವಾಸವಿರುತ್ತೇನೆಂದು ಅಡಿಗೆಯವರನ್ನು ಕೇಳಿರಿ, ಪ್ರಭು."

ದೊರೆ ಗಹಗಹಿಸಿ ನಕ್ಕನು. "ಮಲ್ಲೋಜಿ, ಗಂಟುಮೂಟೆ ಕಟ್ಟು!"

ಮೊದಲ ದಿನ ಸಿದ್ಧರಸನು ಎಲೆಯನ್ನು ನೆಕ್ಕುವಂತೆ ಉಂಡನು. ಗೋಡೆಯ ಸಂದಿಯಿಂದ ನೋಡಿದ ಮಲ್ಲೋಜಿ ತಲೆಯ ಮೇಲೆ ಕೈಹೊತ್ತು ಕುಳಿತನು. ಎರಡನೆಯ ದಿನ ಅನ್ನ ಅರ್ಧಕ್ಕೆ ನಿಂತಿತು. ಮೂರನೆಯ ದಿನ ಅವನು ಗೋಡೆಯ ಉದ್ದಕ್ಕೂ ನಡೆಯುತ್ತ, ಆಚೆಯ ಅರಬ್ಬಿಯೊಡನೆ ಮಾತಿಗೆ ತೊಡಗಿದನು.

ಅತ್ತ ಅರಮನೆಯ ಪಂಕ್ತಿಯಲ್ಲಿ ಹಂಗಿಸಲು ಯಾರೂ ಇಲ್ಲದೆ ದೊರೆಗೂ ಪಾಯಸ ಸಪ್ಪೆಯಾಯಿತು. ಎಲೆಯಿಂದ ಎದ್ದು, ಮಂತ್ರಿಯನ್ನೂ ದಳವಾಯಿಯನ್ನೂ ಕರೆದುಕೊಂಡು ಅಂಗಳಕ್ಕೆ ಬಂದನು.

"ಏನಯ್ಯಾ ಇದು? ಹೋಳಿಗೆಗೆ ಇರುವೆ ಮುತ್ತಿದೆ!"

"ಅವು ಗುಂಪಾಗಿ ಬಂದಿವೆ, ಪ್ರಭು. ಅದಕ್ಕೇ ಅವಕ್ಕೆ ರುಚಿಸುತ್ತಿದೆ."

ದೊರೆ ಸೋಲೊಪ್ಪಲಿಲ್ಲ. "ಗುಂಪಿನಲ್ಲಿ ಬಿಟ್ಟರೆ ಕಚ್ಚಾಡುತ್ತವಲ್ಲ! ಗಾಯವಾದರೆ?"

"ಪಂಕ್ತಿಯಲ್ಲಿ ಮಂತ್ರಿಗಳು ನನ್ನ ಎಲೆಯ ಹೋಳಿಗೆಯನ್ನು ಎಗರಿಸುತ್ತಾರೆ. ದಳವಾಯಿಗಳು ಮೊಣಕೈಯಿಂದ ತಿವಿಯುತ್ತಾರೆ. ತಾವು ಎಲ್ಲರೂ ಕೇಳುವಂತೆ ನನ್ನನ್ನು ಹಂದಿಗೆ ಹೋಲಿಸುತ್ತೀರಿ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ತಪ್ಪಿಲ್ಲ."

ಸಿದ್ಧರಸನು ಶಲ್ಯವನ್ನು ಸರಿಸಿ, ತನ್ನ ಹೊಟ್ಟೆಯನ್ನು ಎರಡು ಕೈಗಳಿಂದ ಎತ್ತಿ ತೋರಿಸಿದನು.

"ನನಗಾದ ಗಾಯ ಇದು, ಪ್ರಭು."

ದೊರೆ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕನು. ಬಳಿಕ ಅದೇ ಗೋಡೆಯನ್ನು ಒದ್ದನು.

"ಕೆಡವಿರಿ ಇವನ್ನು! ಮಲ್ಲೋಜಿ, ಗಂಟು ಬಿಚ್ಚು. ನಿನಗೇನು ಬೇಕಯ್ಯಾ, ಸಿದ್ಧರಸ?"

"ಎಲೆ ಹಾಕಿಸಿರಿ, ಪ್ರಭು. ಮಂತ್ರಿಗಳ ಪಕ್ಕದಲ್ಲೇ."

ಎಲೆಗಳನ್ನು ಅಲ್ಲಿಯೇ ಹುಲ್ಲಿನ ಮೇಲೆ ಹಾಕಲಾಯಿತು. ಆ ಪಂಕ್ತಿಯಲ್ಲಿ ಕುಳಿತವರು: ದೊರೆ ಬೊಮ್ಮಣ್ಣನಾಯಕ, ಮಂತ್ರಿ ಲಕ್ಕರಸ, ದಳವಾಯಿ ಹಂಪಯ್ಯ, ಸಿದ್ಧರಸ, ಮತ್ತು ದೊರೆಯ ಸಾಲಿನಲ್ಲಿ ಅಂದೇ ಮೊದಲ ಬಾರಿಗೆ ಕುಳಿತ ಲಾಯದ ಮಲ್ಲೋಜಿ.